ಅಣ್ಣನ ನಿಡೋ ಡಬ್ಬ

ನನ್ನ ಅಣ್ಣ ದೇಜಪ್ಪ ವಿಮಾನ ಕಟ್ಟಿದವನು. ಹೀಗೆಂದರೆ ನಗುವವರೇ ಹೆಚ್ಚು. ನಕ್ಕರೆ ನಗಲಿ. ಹೆಜಮಾಡಿಯ ಕಡಲ ದಂಡೆಯಲ್ಲಿ ದೋಣಿ ಕಟ್ಟುತ್ತಿದ್ದವನು, ಏಳನೆಯ ಕ್ಲಾಸು ದಾಟದವನು, ಮಸ್ಕತ್ತಿನ ಘಾಲಾದಲ್ಲಿ ಒಂದು ತಗಡಿನ ಶೆಡ್ಡಿನೊಳಗೆ ಫ್ರಾನ್ಸ್ ದೇಶದ ವಿಮಾನದ ರೆಕ್ಕೆಯನ್ನು ಪೂರ್ತಿ ಬಿಚ್ಚಿ ಮತ್ತೆ ಜೋಡಿಸಿದ. ಆ ರೆಕ್ಕೆಗೆ ಬಟ್ಟೆ ಹೊಲಿದವಳು ನಾನು. ಹಾಗಾಗಿ ಈ ಕಥೆಯನ್ನು ಬೇರೆಯವರ ಬಾಯಿಂದ ಕೇಳುವ ಅಗತ್ಯ ನನಗಿಲ್ಲ.

ನನ್ನ ಗಂಡನ ಹೆಸರು ಬೋಜ. ಹೆಸರು ಹಿಡಿದೇ ಹೇಳುತ್ತೇನೆ, ‘ಇವರು’ ‘ಅವರು’ ಎನ್ನುವ ಮರ್ಯಾದೆ ನನ್ನ ಬಾಯಲ್ಲಿ ತೊಂಬತ್ತೆರಡನೇ ಇಸವಿಗೇ ಮುಗಿಯಿತು. ಘಾಲಾದಲ್ಲಿ ಮಹಮೂದ್ ಎಂಬ ಒಮಾನಿಯ ಮರದ ವರ್ಕ್‌ಶಾಪಿನಲ್ಲಿ ಬೋಜ ಕ್ಲರ್ಕ್. ಬಾಗಿಲು, ಕಿಟಕಿ, ಅಡುಗೆಮನೆಯ ಕಪಾಟು ಮಾಡುವ ವರ್ಕ್‌ಶಾಪು. ಎಂಬತ್ತಮೂರರಲ್ಲಿ ಅಣ್ಣನಿಗೆ ವೀಸಾ ತೆಗೆಸಿ ಅಲ್ಲಿಗೆ ಕರೆಸಿದ್ದು ಬೋಜನೇ. ಆ ಉಪಕಾರವನ್ನು ಅಣ್ಣ ಒಂದು ದಿನವೂ ಮರೆಯಲಿಲ್ಲ. ಅದೇ ಅವನಿಗೆ ಮುಳುವಾಯಿತು.

ನಮ್ಮ ಮನೆಗಳಲ್ಲಿ ಒಂದು ನಡವಳಿಕೆ ಉಂಟು. ತಂಗಿಯ ಗಂಡ ತಂದ ಕಾಗದವನ್ನು ಬೇರೆಯವರಿಂದ ಓದಿಸಿ ನೋಡುವುದೆಂದರೆ ತಂಗಿಯ ಸಂಸಾರವನ್ನೇ ಶಂಕಿಸಿದ ಹಾಗೆ. ಭಾವ ಬೆರಳಿಟ್ಟು ತೋರಿಸಿದ ಕಡೆ ಸಹಿ ಹಾಕಬೇಕು, ಅಷ್ಟೆ. ಹಾಗೆ ಮಾಡದವನನ್ನು ಊರಲ್ಲಿ ಜನ ಆಡಿಕೊಳ್ಳುತ್ತಾರೆ. ಅಣ್ಣ ಕನ್ನಡದಲ್ಲಿ ಸಹಿ ಹಾಕುತ್ತಿದ್ದ, ದುಂಡಗೆ, ಶಾಲೆಯ ಮಕ್ಕಳ ಹಾಗೆ ಒತ್ತಿ.

ಅವನ ಮದುವೆಯಾದದ್ದು ಎಂಬತ್ತೆರಡರಲ್ಲಿ, ವಸಂತಿ ಅತ್ತಿಗೆಯ ಜತೆ. ಮದುವೆಯಾಗಿ ಏಳು ತಿಂಗಳಿಗೆ ಇಲ್ಲಿಗೆ ಬಂದ. ಎರಡು ವರ್ಷಕ್ಕೊಮ್ಮೆ ನಲವತ್ತೈದು ದಿನದ ರಜೆ. ಅವನ ಲೇಬರ್ ಕಾರ್ಡಿನಲ್ಲಿ ಅರಬ್ಬಿಯಲ್ಲಿ ‘ನಜ್ಜಾರ್’ ಎಂದು ಬರೆದಿತ್ತು, ಅಂದರೆ ಬಡಗಿ. ಬಡಗಿಗೆ ಹೆಂಡತಿಯನ್ನು ಕರೆಸುವ ವೀಸಾ ಸಿಗುವುದಿಲ್ಲ ಎಂದು ಆಫೀಸಿನವರು ಹೇಳಿದ್ದರು. ಟೆಕ್ನಿಷಿಯನ್ ಎಂದು ಬದಲಾದರೆ ಅರ್ಜಿ ಹಾಕಬಹುದು. ಆ ಒಂದು ಪದಕ್ಕಾಗಿ ನನ್ನ ಅಣ್ಣ ಒಂಬತ್ತು ವರ್ಷ ಕಾದ.

ಎಂಬತ್ತಾರರಲ್ಲಿ ಆ ವಿಮಾನ ಬಂತು. ಯಾವುದೋ ಕಂಪನಿಯ ಫ್ರೆಂಚ್ ಇಂಜಿನಿಯರ್ ಒಬ್ಬ ಕಾಂಟ್ರ್ಯಾಕ್ಟ್ ಮುಗಿಸಿ ಊರಿಗೆ ಹೋಗುವಾಗ ಮಹಮೂದನಿಗೆ ಬಿಟ್ಟುಹೋದದ್ದು. ಅವರಿಬ್ಬರೂ ಸೀಬ್ ಕಡೆಯ ಒಂದು ಸಣ್ಣ ಫ್ಲೈಯಿಂಗ್ ಕ್ಲಬ್ಬಿನಲ್ಲಿ ಗೆಳೆಯರು. ವಿಮಾನದ ಹೆಸರು ಜೊಡೆಲ್. ಯುದ್ಧ ಮುಗಿದ ಮೇಲೆ ಫ್ರಾನ್ಸಿನಲ್ಲಿ ಊರೂರಿಗೆ ಇಂಥ ಕ್ಲಬ್ಬುಗಳು ಎದ್ದವಂತೆ. ಸಾಮಾನ್ಯ ಜನರೂ ಹಾರಲಿ ಎಂದು ಅಗ್ಗದಲ್ಲಿ ಮಾಡಿದ ವಿಮಾನ. ಪಕ್ಕಪಕ್ಕದಲ್ಲಿ ಇಬ್ಬರು ಕೂರಬಹುದು. ಮೈಯೆಲ್ಲ ಮರ ಮತ್ತು ಪ್ಲೈವುಡ್, ರೆಕ್ಕೆಯ ಮೇಲೆ ಬಟ್ಟೆ. ರೆಕ್ಕೆಯ ತುದಿಗಳು ಮಾತ್ರ ಮೇಲಕ್ಕೆ ಬಾಗಿದ್ದವು, ಕೈ ಚಾಚಿ ಮುಂಗೈ ಎತ್ತಿದ ಹಾಗೆ. ಅದಕ್ಕೆ ಮೊದಲೇ ಕ್ಲಬ್ಬಿನ ಶೆಡ್ಡಿನಲ್ಲಿ ನಾಲ್ಕು ಬೇಸಿಗೆ ಬೆಂದು ಅದರ ಅಂಟೆಲ್ಲ ಬಿಟ್ಟಿತ್ತು.

ಮಹಮೂದ್ ವರ್ಕ್‌ಶಾಪಿನ ಬಡಗಿಗಳನ್ನೆಲ್ಲ ಕರೆದು ತೋರಿಸಿದ. ಕಪಾಟು ಮಾಡುವವರು ಹಿಂದೆ ಸರಿದರು. ಅಣ್ಣ ಮಾತ್ರ ರೆಕ್ಕೆಯ ಕೆಳಗೆ ಮಲಗಿ ಅರ್ಧ ಗಂಟೆ ನೋಡಿದನಂತೆ. ಎದ್ದು ಬಂದು, ಇದು ಕವುಚಿ ಹಾಕಿದ ದೋಣಿ, ಪಕ್ಕೆಲುಬು ಎಲ್ಲ ಹಾಗೆಯೇ ಉಂಟು, ಆಗ್ತದೆ ಎಂದ. ಮಹಮೂದನಿಗೆ ಖುಷಿಯೋ ಖುಷಿ. ಅಂದೇ ಎಲ್ಲರ ಎದುರಿಗೆ ಮಾತು ಕೊಟ್ಟ: ಈ ವಿಮಾನದ ರಿಜಿಸ್ಟರಿನಲ್ಲಿ ಮರದ ಕೆಲಸ ಮಾಡಿದವನೆಂದು ಯಾರ ಹೆಸರು ಬರುತ್ತದೋ ಅವನನ್ನು ಟೆಕ್ನಿಷಿಯನ್ ಮಾಡುತ್ತೇನೆ, ಕಾರ್ಡು ಬದಲಿಸಿಕೊಡುತ್ತೇನೆ. ಅಣ್ಣ ಅಂದು ನಮ್ಮ ಮನೆಗೆ ಬಂದವನು ಕೂರಲೇ ಇಲ್ಲ, ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಎರಡು ಸಲ ಅದನ್ನೇ ಹೇಳಿದ. ಮುಂದಿನ ವಾರ ರೂವಿ ಪೇಟೆಗೆ ಹೋಗಿ ಮೂರು ಲೀಟರಿನ ಕುಕ್ಕರ್ ತಂದ. ಅತ್ತಿಗೆ ಬಂದಮೇಲೆ ಬೇಕಾಗುತ್ತದಂತೆ. ಡಬ್ಬಿ ಬಿಚ್ಚದೆ ಲೇಬರ್ ಕ್ಯಾಂಪಿನ ತನ್ನ ಮಂಚದಡಿ ಇಟ್ಟುಕೊಂಡ.

ಹದಿನಾಲ್ಕು ತಿಂಗಳು ಕೆಲಸ ನಡೆಯಿತು. ಹಗಲು ಬಾಗಿಲು ಕಿಟಕಿ, ಸಂಜೆ ಮತ್ತು ಶುಕ್ರವಾರ ವಿಮಾನ. ಇನ್ಸ್‌ಪೆಕ್ಟರ್ ಒಬ್ಬ ವಯಸ್ಸಾದ ಇಂಗ್ಲಿಷಿನವನು, ತಿಂಗಳಿಗೊಮ್ಮೆ ಬಂದು ನೋಡುತ್ತಿದ್ದ. ಅವನಿಗೆ ಇಂಗ್ಲಿಷ್ ಬಿಟ್ಟರೆ ಬೇರೆ ಗೊತ್ತಿಲ್ಲ, ಅಣ್ಣನಿಗೆ ಇಂಗ್ಲಿಷ್ ಬಿಟ್ಟು ಬೇರೆ ನಾಲ್ಕು ಗೊತ್ತು. ನಡುವೆ ಬೋಜ. ಅವನು ಕೇಳಿದ್ದನ್ನು ಇವನಿಗೆ ಹೇಳುವುದು, ಇವನು ಹೇಳಿದ್ದನ್ನು ಅವನಿಗೆ ಹೇಳುವುದು, ರಿಜಿಸ್ಟರ್ ಬರೆಯುವುದು. ಬಿಳಿ ಕೋಟು ಬೇರೆ ಹಾಕಿಕೊಳ್ಳಲು ಶುರು ಮಾಡಿದ್ದ. ಕ್ಲರ್ಕಿಗೆ ಕೋಟು ಯಾಕೆ ಎಂದು ನಾನು ತಮಾಷೆ ಮಾಡಿದೆ. ತಮಾಷೆ ಮಾಡಿ ಸುಮ್ಮನಾದೆನಲ್ಲ, ನನ್ನ ಬುದ್ಧಿಗಿಷ್ಟು.

ಅಂಟಿನ ವಿಷಯದಲ್ಲಿ ಅಣ್ಣ ಬಹಳ ಕಟ್ಟುನಿಟ್ಟು. ಪ್ರತಿ ಸಲ ಅಂಟು ಕಲಸಿದಾಗ ಅದೇ ಮರದ ಎರಡೆರಡು ಚೂರನ್ನು ಅದೇ ಅಂಟಿನಿಂದ ಜೋಡಿಸಿಡಬೇಕು. ಮರುದಿನ ಅದನ್ನು ಬೆಂಚಿನ ವೈಸಿನಲ್ಲಿ ಸಿಕ್ಕಿಸಿ ಬಿಗಿದು ಸುತ್ತಿಗೆಯಿಂದ ಹೊಡೆಯಬೇಕು. ಮರ ಸಿಗಿದು ಬಂದರೆ ಅಂಟು ಒಳ್ಳೆಯದು. ಅಂಟಿನ ಗೆರೆಯಲ್ಲೇ ಬಿಟ್ಟುಕೊಂಡರೆ ಹಿಂದಿನ ದಿನದ ಕೆಲಸವನ್ನೆಲ್ಲ ಕಿತ್ತು ಎಸೆಯಬೇಕು. ಇಷ್ಟನ್ನು ಆ ಇಂಗ್ಲಿಷಿನವನು ಹೇಳಿಕೊಟ್ಟ. ಅಣ್ಣ ಅದಕ್ಕೆ ತನ್ನದೊಂದು ಸೇರಿಸಿದ. ಒಂದು ಜೋಡಿಯ ಬದಲು ಎರಡು ಜೋಡಿ ಮಾಡುತ್ತಿದ್ದ. ಒಂದನ್ನು ಮರುದಿನ ಮುರಿಯುವುದು, ಇನ್ನೊಂದರ ಮೇಲೆ ಪೆನ್ಸಿಲಿನಲ್ಲಿ ತಾರೀಕು, ರೆಕ್ಕೆಯ ಯಾವ ಜಾಗ ಎಂದು ಕನ್ನಡದಲ್ಲಿ ಬರೆದು ಇಟ್ಟುಕೊಳ್ಳುವುದು. ಯಾಕಣ್ಣ ಎಂದು ಕೇಳಿದ್ದೆ. ಅವನಿಗೆ ದೋಣಿ ಕೆಲಸ ಕಲಿಸಿದ ಗುರುವ ಮೇಸ್ತ್ರಿ ಹೇಳುತ್ತಿದ್ದರಂತೆ, ದೋಣಿ ಒಡೆದರೆ ಕೇಳುವವರು ಹತ್ತು ವರ್ಷ ಕಳೆದು ಬರ್ತಾರೆ, ಅಂದು ಬಾಯಿಗಿಂತ ಮರ ಚೆಂದ ಮಾತಾಡ್ತದೆ ಎಂದು.

ಕ್ಯಾಂಪಿನ ಒಂದು ಕೋಣೆಯಲ್ಲಿ ಎಂಟು ಜನ. ಅಲ್ಲಿ ಮರದ ಚೂರು ಇಟ್ಟರೆ ಯಾರಾದರೂ ಕಸ ಎಂದು ಎಸೆದಾರು. ಆದ್ದರಿಂದ ನಿಡೋ ಹಾಲಿನ ಪುಡಿಯ ದೊಡ್ಡ ಡಬ್ಬದಲ್ಲಿ ಹಾಕಿ ನನ್ನ ಕೈಗೆ ಕೊಟ್ಟ. ಪ್ರತಿ ಗುರುವಾರ ಬರುವಾಗ ಕಿಸೆಯಲ್ಲಿ ಎರಡೋ ಮೂರೋ ಚೂರು ತಂದು ಅದರೊಳಗೆ ಹಾಕುತ್ತಿದ್ದ. ನಾನು ಮುಚ್ಚಳ ಹಾಕಿ ಮಂಚದಡಿ ತಳ್ಳುತ್ತಿದ್ದೆ.

ಆಮೇಲೆ ಬಟ್ಟೆಯ ಕೆಲಸ. ನಾನು ರವಿಕೆ ಹೊಲಿಯುವವಳು. ರೆಕ್ಕೆಗೆ ದಿಂಬಿನ ಚೀಲದ ಹಾಗೆ ಕವಚ ಹೊಲಿದೆ, ಆಮೇಲೆ ಶೆಡ್ಡಿಗೆ ಹೋಗಿ ಉದ್ದ ಸೂಜಿಯಲ್ಲಿ ಒಂದೊಂದು ಪಕ್ಕೆಲುಬಿಗೂ ಬಟ್ಟೆಯನ್ನು ಬಿಗಿದೆ. ಅಣ್ಣ ಕೆಳಗಿನಿಂದ ಸೂಜಿ ಮೇಲೆ ಕೊಡುವುದು, ನಾನು ಮೇಲಿನಿಂದ ಕೆಳಗೆ ಕೊಡುವುದು. ಚಿಕ್ಕಂದಿನಲ್ಲಿ ಇಬ್ಬರೂ ಕೂತು ಬಲೆ ಹೆಣೆದದ್ದರ ನೆನಪಾಯಿತು. ನನ್ನ ಜೀವನದಲ್ಲಿ ಅಷ್ಟು ಸಂತೋಷದ ಎರಡು ವಾರ ಮತ್ತೆ ಬರಲಿಲ್ಲ.

ಎಂಬತ್ತೆಂಟರ ಜನವರಿಯಲ್ಲಿ ಮೊದಲ ಹಾರಾಟ. ಕೆಲಸ ಮಾಡಿದವನೇ ಪೈಲಟ್ಟಿನ ಪಕ್ಕ ಕೂರಬೇಕು ಎಂಬುದು ಆ ಕ್ಲಬ್ಬಿನ ಪದ್ಧತಿ. ತನ್ನ ಕೆಲಸದ ಮೇಲೆ ತಾನೇ ಜೀವ ಇಡಬೇಕಲ್ಲ, ಅದಕ್ಕೆ. ಅಣ್ಣ ಹೊಸ ಅಂಗಿ ಹಾಕಿಕೊಂಡು ಬಂದಿದ್ದ. ಪಕ್ಕದಲ್ಲಿ ಹತ್ತಿ ಕೂತವನು ಬೋಜ. ಇನ್ಶೂರೆನ್ಸಿನ ತೊಂದರೆ ಉಂಟು ಭಾವ, ಬಡಗಿಯ ಕಾರ್ಡಿನವರು ಕೂರಲಿಕ್ಕಿಲ್ಲ ಎಂದನಂತೆ. ಅಣ್ಣನ ಮುಖ ನೋಡಿದೆ. ಅವನು ರೆಕ್ಕೆಯನ್ನೇ ನೋಡುತ್ತಿದ್ದ. ವಿಮಾನ ನೆಲ ಬಿಟ್ಟಾಗ ನನ್ನ ಕೈ ಹಿಡಿದುಕೊಂಡು, ಅಂಟು ಹಿಡಿಯಿತು ಕುಸುಮ ಎಂದ.

ಎರಡು ತಿಂಗಳಿಗೆ ಬೋಜ ಕ್ಲಬ್ಬಿನ ಹ್ಯಾಂಗರಿಗೆ ಟೆಕ್ನಿಕಲ್ ಸೂಪರ್‌ವೈಸರ್ ಆದ. ಅಲ್ ಮಬೇಲಾದಲ್ಲಿ ಎರಡು ಕೋಣೆಯ ಮನೆ, ಎರಡಕ್ಕೂ ಏಸಿ. ನಾನು ಮೂರ್ಖಿ, ಕ್ಲರ್ಕ್ ಕೆಲಸ ಚೆನ್ನಾಗಿ ಮಾಡಿದ್ದಕ್ಕೆ ಮೇಲೆ ಹಾಕಿದರು ಎಂದುಕೊಂಡು ಪಾಯಸ ಮಾಡಿದೆ. ಪಾಯಸಕ್ಕೆ ಅಣ್ಣನೂ ಬಂದಿದ್ದ. ಅವನ ಕಾರ್ಡಿನ ಕಾಗದ ಎಲ್ಲಿಗೆ ಬಂತು ಎಂದು ನಾನೇ ಕೇಳಿದೆ. ಮಿನಿಸ್ಟ್ರಿಯಲ್ಲಿ ಉಂಟು, ಇವತ್ತು ಬುಕ್ರಾ ಅಂತಾರೆ, ನಾಳೆಯೂ ಬುಕ್ರಾ ಅಂತಾರೆ, ಅರಬರ ಕೆಲಸ ಗೊತ್ತಲ್ಲ ಎಂದು ಬೋಜ ನಕ್ಕ. ಅಣ್ಣನೂ ನಕ್ಕ. ಬುಕ್ರಾ ಅಂದರೆ ನಾಳೆ; ಆ ಬುಕ್ರಾ ನಾಲ್ಕು ವರ್ಷ ನಡೆಯಿತು. ಅಣ್ಣ ಎರಡು ಸಲ ರಜೆಗೆ ಹೋಗಿ ಬಂದ. ಎರಡು ಸಲವೂ ಅತ್ತಿಗೆಗೆ ಇನ್ನೇನು ಆಗ್ತದೆ ಎಂದು ಹೇಳಿ ಬಂದ.

ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಕೆಸರು ಒಬ್ಬನ ಕೈಗೆ, ಮೊಸರು ಇನ್ನೊಬ್ಬನ ಬಾಯಿಗೆ ಎಂದು ಯಾರೂ ನಮಗೆ ಹೇಳಿಕೊಟ್ಟಿರಲಿಲ್ಲ.

ತೊಂಬತ್ತೊಂದರಲ್ಲಿ ವಿಮಾನದ ಎಡ ರೆಕ್ಕೆಯ ತುದಿ ಹ್ಯಾಂಗರಿನ ಬಾಗಿಲಿಗೆ ತಾಗಿ ಒಳಗಿನ ಜೋಡಣೆ ಬಿಟ್ಟಿತು. ಬೋಜ ಅಣ್ಣನನ್ನು ಕರೆಯಬೇಕಿತ್ತು. ಹೇಗೆ ಕರೆಯುತ್ತಾನೆ? ಕಾಗದದಲ್ಲಿ ಮರದ ಟೆಕ್ನಿಷಿಯನ್ ಬೋಜನೇ. ಬೇರೆಯವನನ್ನು ಕರೆದರೆ ನೀನೇ ಯಾಕೆ ಮಾಡುವುದಿಲ್ಲ ಎಂದು ಕೇಳುತ್ತಾರೆ. ಆದ್ದರಿಂದ ತಾನೇ ಅಂಟು ಕಲಸಿ, ತಾನೇ ಮೆತ್ತಿ, ಮೇಲೆ ಬಟ್ಟೆಯ ತೇಪೆ ಹಾಕಿ ಬಣ್ಣ ಬಳಿದ. ರಿಜಿಸ್ಟರಿನಲ್ಲಿ ಒಂದಕ್ಷರ ಬರೆಯಲಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

ಮರುವರ್ಷ ಫೆಬ್ರವರಿಯಲ್ಲಿ ಹೊಸ ಇನ್ಸ್‌ಪೆಕ್ಟರ್ ಬಂದರು. ಮೈಸೂರಿನ ರಾಜಗೋಪಾಲ ಎನ್ನುವವರು, ಕಟ್ಟಾ ಶಿಸ್ತಿನ ಮನುಷ್ಯ. ರೆಕ್ಕೆಯ ತುದಿಯನ್ನು ಬೆರಳಿನಿಂದ ಒತ್ತಿದರಂತೆ, ಒಳಗೆ ಕರಕರ ಎಂದಿತಂತೆ. ಬಟ್ಟೆ ಕೊಯ್ದು ನೋಡಿದರೆ ಜೋಡಣೆ ಬಾಯಿ ಬಿಟ್ಟುಕೊಂಡಿದೆ. ಮಹಮೂದ್ ಹಿಂದಿನ ವಾರವಷ್ಟೆ ಅದರಲ್ಲಿ ತನ್ನ ತಮ್ಮನನ್ನು ಕೂರಿಸಿಕೊಂಡು ಸುವೈಕ್ ತನಕ ಹಾರಿ ಬಂದಿದ್ದ. ಅವನಿಗೆ ಸಿಟ್ಟು ಬಂತು. ಯಾರ ಕೆಲಸ ಇದು ಎಂದು ಗುಡುಗಿದ. ಬೋಜ ಒಂದು ಕ್ಷಣವೂ ತಡ ಮಾಡಲಿಲ್ಲವಂತೆ. ಇದು ಹಳೆಯ ಕೆಲಸ, ಎಂಬತ್ತೇಳರದ್ದು, ನಾನು ಬರೀ ಸಹಿ ಹಾಕಿದ್ದು, ಮಾಡಿದವನು ದೇಜಪ್ಪ ಎಂದ.

ರಾಜಗೋಪಾಲರು ಘಾಲಾಕ್ಕೆ ಬಂದು ಅಣ್ಣನನ್ನು ಕಂಡರು. ಅಲ್ಲಿ ನಡೆದದ್ದನ್ನು ಅಣ್ಣನೇ ಆಮೇಲೆ ನನಗೆ ಹೇಳಿದ. ಅವರು ಕನ್ನಡದಲ್ಲೇ ಮಾತಾಡಿಸಿ ರಿಜಿಸ್ಟರ್ ಮುಂದಿಟ್ಟು, “ಅಲ್ಲಾ ರೀ ದೇಜಪ್ಪನವರೇ, ಕೆಲಸ ನಿಮ್ದು ಅಂತಾರೆ. ಇದರಲ್ಲಿ ಕೆಲಸ ಮಾಡಿದವರು ಅನ್ನೋ ಕಡೆ ಎಲ್ಲೂ ನಿಮ್ಮ ಹೆಸರೇ ಇಲ್ಲವಲ್ಲ. ಬೋಜ ಅಂತಿದೆ, ಸಹಾಯಕ ಅಂತ ಒಂದು ಕನ್ನಡದ ಸಹಿ ಇದೆ, ಅಷ್ಟೆ” ಎಂದರು. ಕನ್ನಡದ ಸಹಿ ಅಣ್ಣನದ್ದು, ಭಾವ ಬೆರಳಿಟ್ಟು ತೋರಿಸಿದ ಕಡೆ ಹಾಕಿದ್ದು. ಹೀಗೆ ಐದನೆಯ ವರ್ಷದಲ್ಲಿ ಅವನಿಗೆ ವಿಷಯ ತಿಳಿಯಿತು. ಸನ್ಮಾನಕ್ಕೆ ಬೇಡವಾದ ಹೆಸರು ಅಪರಾಧಕ್ಕೆ ಬೇಕಾಯಿತು.

ರಾಜಗೋಪಾಲರು ಒಳ್ಳೆಯವರು. ಅಂಟು ಪರೀಕ್ಷೆಯ ಚೂರು ಏನಾದರೂ ಇಟ್ಟಿದ್ದೀರಾ ಎಂದು ಕೇಳಿದರು. ಎಲ್ಲಕ್ಕೂ ಉಂಟು ಎಂದ ಅಣ್ಣ. ಹಾಗಾದರೆ ಆ ಎಡ ತುದಿಯ ಚೂರು ತನ್ನಿ, ಮಹಮೂದನ ಎದುರಿಗೇ ಮುರಿದು ತೋರಿಸುತ್ತೇನೆ, ಮರ ಸಿಗಿದರೆ ನಿಮ್ಮ ಕೆಲಸ ಸರಿ ಇತ್ತು, ಆಮೇಲೆ ಯಾರೋ ಕೈ ಹಾಕಿದ್ದಾರೆ ಎಂದು ಬರೆಯುತ್ತೇನೆ, ನಿಮ್ಮ ಹೆಸರನ್ನೂ ರಿಜಿಸ್ಟರಿಗೆ ಸೇರಿಸುತ್ತೇನೆ ಎಂದರು. ಶನಿವಾರದ ಗಡುವು ಕೊಟ್ಟರು.

ಬೋಜನಿಗೆ ಇದು ಗೊತ್ತಾದದ್ದು ಗುರುವಾರ. ಮನೆಗೆ ಬಂದು ನನ್ನ ಎದುರು ಎಲ್ಲವನ್ನೂ ಕಕ್ಕಿದ. ರಿಜಿಸ್ಟರಿನಲ್ಲಿ ತನ್ನ ಹೆಸರು ಬರೆದುಕೊಂಡದ್ದು, ಅಣ್ಣ ಬರೀ ಸಹಾಯಕ ಎಂದು ಮಹಮೂದನನ್ನು ನಂಬಿಸಿದ್ದು, ಕಾರ್ಡು, ಬುಕ್ರಾ, ಬಾಗಿಲಿಗೆ ತಾಗಿದ್ದು, ಎಲ್ಲ. ಮಿನಿಸ್ಟ್ರಿಗೆ ಅಣ್ಣನ ಕಾಗದ ಹೋಗಿಯೇ ಇರಲಿಲ್ಲ. ನಾನು ಕೈಯಲ್ಲಿದ್ದ ಸೌಟನ್ನು ಗೋಡೆಗೆ ಎಸೆದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಉಂಡ ಮನೆಯ ಜಂತೆ ಎಣಿಸುವವನು, ನಿನಗೆ ನನ್ನ ಅಣ್ಣನ ಸಂಸಾರವೇ ಬೇಕಿತ್ತಾ ಎಂದೆ. ಅವನು ಎಲ್ಲ ಕೇಳಿಸಿಕೊಂಡ. ಕೊನೆಗೆ ಒಂದೇ ಮಾತು ಹೇಳಿದ.

“ಡಬ್ಬ ಅಲ್ಲಿಗೆ ಹೋದ್ರೆ ನಮ್ಮ ಮೂವರದ್ದೂ ಖಲಾಸ್. ಮಗನ ಹತ್ತನೇ ಪರೀಕ್ಷೆಗೆ ಎರಡು ವಾರ ಉಂಟು. ಭಾವನಿಗಾದ್ರೆ ಒಂಟಿ ಜೀವ, ಎಲ್ಲಿ ಹೋದ್ರೂ ಕೆಲಸ ಸಿಗ್ತದೆ.”

ಒಂಟಿ ಜೀವವಂತೆ. ಅವನನ್ನು ಒಂಟಿ ಮಾಡಿದವನು ಹೇಳುವ ಮಾತು.

ಶುಕ್ರವಾರ ಮಧ್ಯಾಹ್ನ ಅಣ್ಣ ಬಂದ. ಬೋಜ ಹೊರಗೆ ಹೋಗಿದ್ದ, ಬೇಕೆಂದೇ ಹೋಗಿದ್ದ. ಅಣ್ಣ ಎಂದಿನ ಹಾಗೆ ಹಾಲ್‌ನಲ್ಲಿ ನೆಲದ ಮೇಲೆ ಕಾಲು ಚಾಚಿ ಕೂತ. ರಾಜಗೋಪಾಲರು ಬಂದದ್ದು, ರಿಜಿಸ್ಟರ್ ತೋರಿಸಿದ್ದು, ಎಲ್ಲ ನಿಧಾನಕ್ಕೆ ಹೇಳಿದ. ಬೋಜನ ಬಗ್ಗೆ ಒಂದು ಕೆಟ್ಟ ಮಾತು ಬರಲಿಲ್ಲ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಮಲಗುವ ಕೋಣೆಯ ಬಾಗಿಲು ತೆರೆದಿತ್ತು, ಮುಚ್ಚಬೇಕೆಂದು ನನಗೆ ಹೊಳೆಯಲಿಲ್ಲ. ಕೊನೆಗೆ ಅವನು ಕೇಳಿದ.

“ಕುಸುಮ, ಆ ಡಬ್ಬ ಉಂಟಲ್ಲ?”

ಹೇಳಬಹುದಿತ್ತು. ನಾಲ್ಕು ಹೆಜ್ಜೆ ನಡೆದು ಬಗ್ಗಿ ಎಳೆದು ಕೊಡಬಹುದಿತ್ತು. ಇನ್ನೊಂದು ಕೋಣೆಯಲ್ಲಿ ಮಗ ಗಟ್ಟಿಯಾಗಿ ಇಂಗ್ಲಿಷಿನಲ್ಲಿ ವಿಜ್ಞಾನ ಓದುತ್ತಿದ್ದ. ಏಸಿ ಗುಂಯ್‌ಗುಡುತ್ತಿತ್ತು.

“ಇಲ್ಲ ಅಣ್ಣ,” ಎಂದೆ. “ಘಾಲಾದಿಂದ ಮನೆ ಬದಲಿಸುವಾಗ ಎಲ್ಲಿ ಹೋಯ್ತೋ, ಕಾಣ್ಲಿಕ್ಕೇ ಇಲ್ಲ.”

ಸೆರಗಿಗೆ ಕೈ ಒರೆಸಿಕೊಂಡೆ. ಕೈ ಒದ್ದೆ ಇರಲಿಲ್ಲ. ಅಣ್ಣ ಚಾಚಿದ ಕಾಲು ಮಡಚಿಕೊಂಡ. ಆಮೇಲೆ, ನೀನು ಇಲ್ಲ ಅಂದ ಮೇಲೆ ಇಲ್ಲ ಎಂದು ಎದ್ದ. ಊಟ ಮಾಡಿ ಹೋಗು ಎಂದೆ. ಹಸಿವಿಲ್ಲ ಎಂದ. ಹದಿನೈದು ದಿನಕ್ಕೆ ಅವನ ವೀಸಾ ಕ್ಯಾನ್ಸಲ್ ಮಾಡಿ ಮಹಮೂದ್ ಊರಿಗೆ ಕಳಿಸಿದ. ಏರ್‌ಪೋರ್ಟಿಗೆ ನಾನು ಹೋಗಲಿಲ್ಲ. ಕ್ಯಾಂಪಿನವರು ಹೇಳಿದರು, ಒಂದು ಪೆಟ್ಟಿಗೆ, ಒಂದು ಉಳಿ ಸುತ್ತಿಗೆಯ ಚೀಲ ಮತ್ತು ಬಿಚ್ಚದ ಕುಕ್ಕರ್ ಹಿಡಿದುಕೊಂಡು ಹೋದನಂತೆ.

ಬೋಜ ಉಳಿದುಕೊಂಡ. ಆದರೆ ರಾಜಗೋಪಾಲರಿಗೆ ಅವನ ಮೇಲೆ ನಂಬಿಕೆ ಬರಲಿಲ್ಲ. ಮರದ ಕೆಲಸಕ್ಕೆ ಸರಿಯಾದವನಿಲ್ಲ ಎಂದು ವಿಮಾನ ಹಾರಿಸಲು ಬಿಡಲಿಲ್ಲ. ಮಹಮೂದ್ ಅದನ್ನು ಸುವೈಕಿನ ತನ್ನ ಖರ್ಜೂರದ ತೋಟದ ಶೆಡ್ಡಿಗೆ ಸಾಗಿಸಿದ. ಕೋಳಿಗಳು ಅದರೊಳಗೆ ಮೊಟ್ಟೆ ಇಡುತ್ತವೆ ಎಂದು ಯಾರೋ ಹೇಳಿದರು. ನಾನು ಹೊಲಿದ ಬಟ್ಟೆ ಹರಿದು ಜೋತುಬಿದ್ದಿರಬೇಕು. ಮಗ ಪಾಸಾದ, ಒಳ್ಳೆಯ ಮಾರ್ಕು ಬಂತು. ಅವನಿಗೆ ಇದ್ಯಾವುದೂ ಗೊತ್ತಿಲ್ಲ.

ಐದು ವರ್ಷ ನಾನು ಊರಿಗೆ ಹೋದರೂ ಹೆಜಮಾಡಿಗೆ ಹೋಗಲಿಲ್ಲ, ಅದೂ ಇದೂ ನೆಪ ಹೇಳಿದೆ. ತೊಂಬತ್ತೇಳರ ಮೇ ತಿಂಗಳಲ್ಲಿ ತಡೆಯಲಾಗದೆ ಹೋದೆ. ಬ್ಯಾಗಿನಲ್ಲಿ ಸೀರೆ, ಸೆಂಟು, ಟ್ಯಾಂಗ್ ಪುಡಿ, ಅಡಿಯಲ್ಲಿ ನಿಡೋ ಡಬ್ಬ. ದಂಡೆಗೆ ಫೈಬರ್ ದೋಣಿ ಬಂದು ಮರದ ಕೆಲಸ ನಿಂತಿತ್ತು. ಅಣ್ಣ ಜಗಲಿಯಲ್ಲಿ ಶಾಲೆಗೆ ಬೆಂಚು ಮಾಡುತ್ತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಒಳಗೆ ಆ ಕುಕ್ಕರ್ ಸೀಟಿ ಹೊಡೆಯುತ್ತಿತ್ತು. ವಸಂತಿ ಅತ್ತಿಗೆ ಹೊರಗೆ ಬಂದು ಚೆನ್ನಾಗಿ ಮಾತಾಡಿಸಿದರು. ಅವರಿಗೆ ಮಕ್ಕಳಿಲ್ಲ. ಆಗುವ ವಯಸ್ಸಿನಲ್ಲಿ ಗಂಡ ಘಾಲಾದಲ್ಲಿದ್ದ.

ಅತ್ತಿಗೆ ಒಳಗೆ ಹೋದ ಮೇಲೆ ಡಬ್ಬ ತೆಗೆದು ಅಣ್ಣನ ಮುಂದಿಟ್ಟೆ. ಮನೆ ಗುಡಿಸುವಾಗ ಸಿಕ್ಕಿತು ಎಂದು ಹೇಳಲು ವಿಮಾನದಲ್ಲಿ ಬರುವಾಗ ಬಾಯಿಪಾಠ ಮಾಡಿಕೊಂಡಿದ್ದೆ. ಅದು ಬಾಯಿಂದ ಹೊರಡಲಿಲ್ಲ. ಅಣ್ಣ ಮುಚ್ಚಳ ತೆಗೆದು ಚೂರುಗಳನ್ನು ಒಂದೊಂದಾಗಿ ಬೆಂಚಿನ ಮೇಲಿಟ್ಟ, ಕಣ್ಣಿನ ಹತ್ತಿರ ಹಿಡಿದು ಓದಿದ. ಒಂದನ್ನು ಆರಿಸಿ ವೈಸಿನಲ್ಲಿ ಸಿಕ್ಕಿಸಿದ. ‘ಎಡ, ಕೊನೆ, ೧೨-೧೧-೮೭’ ಎಂದಿತ್ತು. ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟು ಹೊಡಿ ಎಂದ. ಮೊದಲ ಪೆಟ್ಟು ಜಾರಿತು. ಎರಡನೆಯದಕ್ಕೆ ಮುರಿಯಿತು. ಮರ ನಾರು ನಾರಾಗಿ ಸಿಗಿದಿತ್ತು. ಅಂಟಿನ ಗೆರೆ ಹಾಗೆಯೇ ಇತ್ತು.

ಅವನು ಅದನ್ನು ಬೆರಳಿನಿಂದ ಸವರಿ ನೋಡಿದ, ಸರಿ ಉಂಟು ಎಂದ. ಆಮೇಲೆ ನನ್ನ ಕಡೆ ನೋಡದೆ ಹೇಳಿದ.

“ಅವತ್ತು ಮಂಚದಡಿ ಇತ್ತು. ನಾನು ಕೂತಲ್ಲಿಂದ ಮುಚ್ಚಳ ಕಾಣ್ತಿತ್ತು.”

ನನ್ನ ಕೈಯಲ್ಲಿ ಸುತ್ತಿಗೆ ಇನ್ನೂ ಇತ್ತು. ನೋಡಿದ್ದರೆ ಮತ್ತೆ ಯಾಕೆ ಎದ್ದು ತೆಗೆದುಕೊಳ್ಳಲಿಲ್ಲ, ಯಾಕೆ ಬೈಯಲೂ ಇಲ್ಲ ಎಂದು ಕೇಳಿದೆ.

“ನೀನು ಕೊಡ್ತೀಯಾ ಅಂತ ಕಾದು ನೋಡಿದೆ,” ಎಂದ.

ಒಳಗಿಂದ ಅತ್ತಿಗೆ ಊಟಕ್ಕೆ ಕರೆದರು. ಅಣ್ಣ ಚೂರುಗಳನ್ನೆಲ್ಲ ಮತ್ತೆ ಡಬ್ಬಕ್ಕೆ ತುಂಬಿ, ಮುರಿದ ಚೂರನ್ನೂ ಹಾಕಿ, ಮುಚ್ಚಳ ಒತ್ತಿ ನನ್ನ ಬ್ಯಾಗಿನ ಮೇಲಿಟ್ಟ. ಇದು ನಿನ್ನ ಹತ್ತಿರವೇ ಇರಲಿ ಎಂದು ಕೈ ತೊಳೆಯಲು ಹೋದ. ಬೋಜನನ್ನು ನಾನು ಈ ಐದು ವರ್ಷ ಬೈದಷ್ಟು ಯಾರೂ ಯಾರನ್ನೂ ಬೈದಿರಲಿಕ್ಕಿಲ್ಲ. ಆದರೆ ಆ ಶುಕ್ರವಾರ ಅಣ್ಣ ಬೋಜನ ಮನೆಯಲ್ಲಿ ಕಾದು ಕೂತದ್ದು ಬೋಜನಿಗಾಗಿ ಅಲ್ಲ. ಡಬ್ಬ ಈಗ ಮತ್ತೆ ಮಬೇಲಾದಲ್ಲಿ, ಅದೇ ಮಂಚದಡಿ ಇದೆ.